ಆರು ತಿಂಗಳ ಮೇಲೆ ಇನ್ನೊಮ್ಮೆ ಬನ್ನಿ

ನಮ್ಮೂರ ಶಾಲೆಯ ನಲಿಕಲಿ ಕೋಣೆಯಲ್ಲಿ, ಮಕ್ಕಳ ಗಿಡ್ಡ ಮೇಜುಗಳ ಮುಂದೆ, ಹತ್ತೊಂಬತ್ತು ಮಂದಿ ಹೆಂಗಸರು ಕಾಲು ಮಡಚಿ ಕೂತಿದ್ದರು. ಸಾಕ್ಷರತಾ ಪರೀಕ್ಷೆ ನಡೆದಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತಳಾದ ಮೇಲೆ ಕೊಪ್ಪಳ ಜಿಲ್ಲೆಯ ಈ ಊರಿಗೆ ಮರಳಿದ ನಾನು ಸಂಜೆ ಹೊತ್ತು ಇವರಿಗೆ ಅಕ್ಷರ ಹೇಳಿಕೊಡುತ್ತೇನೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿಯೊಬ್ಬಳು ಕೈಯೆತ್ತಿ ಕರೆದಳು. ಒಂದು ಸೀರೆಗೆ 275 ರೂಪಾಯಿ ಆದರೆ 4 ಸೀರೆಗೆ ಎಷ್ಟು ಎಂಬ ಲೆಕ್ಕದ ಮೇಲೆ ಬೆರಳಿಟ್ಟಿದ್ದಳು.

“ಇನ್ನೂರೈವತ್ತು ನಾಕಕ್ಕ ಸಾವಿರ, ಇಪ್ಪತ್ತೈದು ನಾಕಕ್ಕ ನೂರು. ಸಾವಿರದ ನೂರಾತು. ಆದ್ರ ಅಕ್ಕೋರ, ನಾಕು ಒಮ್ಮೆ ತಗೊಂಡ್ರ ಐವತ್ತು ಬಿಡ್ತಾರಲ್ರೀ. ಅದನ್ನ ಎಲ್ಲಿ ಬರೀಲಿ?”

ಬರೆಯಲು ಜಾಗವಿರಲಿಲ್ಲ. ಕೆಳಗೆ ಗುಣಾಕಾರದ ಮನೆಗಳಿದ್ದವು. ದಶಕ ಏರಿಸುವುದು ಗೊತ್ತಿಲ್ಲದ ಅಜ್ಜಿ ಅವನ್ನು ಖಾಲಿ ಬಿಟ್ಟಳು. ಆ ಲೆಕ್ಕಕ್ಕೆ ಸೊನ್ನೆ. ಪಕ್ಕದ ಹುಡುಗಿ 1100 ಅಂತ ನೀಟಾಗಿ ಬರೆದು ಪೂರ್ತಿ ಅಂಕ ತೆಗೆದುಕೊಂಡಳು. ಅಜ್ಜಿ ಗಟ್ಟಿಯಾಗಿ ಹೇಳಿದ್ದನ್ನೇ ಅವಳು ಕೇಳಿ ಬರೆದದ್ದು.

ಬ್ರೆಜಿಲ್‌ನ ರೆಸಿಫೆ ಊರಿನ ಸಂತೆಯಲ್ಲಿ ಮಾರಾಟಕ್ಕೆ ಕೂರುತ್ತಿದ್ದ ಐದು ಮಕ್ಕಳ ಮೇಲೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ವ್ಯಾಪಾರದ ನಡುವೆ ಗಿರಾಕಿಯಂತೆ ಕೇಳಿದಾಗ ಮಕ್ಕಳು ಶೇ 98ರಷ್ಟು ಲೆಕ್ಕಗಳನ್ನು ಸರಿಯಾಗಿ ಹೇಳಿದರು. ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಮುಂದಿಟ್ಟಾಗ ಸರಿಯಾದದ್ದು ಶೇ 37 ಮಾತ್ರ. ಮಕ್ಕಳ ಕಥೆಯೇ ಹೀಗಿದ್ದರೆ, ನಲವತ್ತು ವರ್ಷ ತಕ್ಕಡಿ ಹಿಡಿದವಳ ಪಾಡೇನು?

2022ರಲ್ಲಿ ಶುರುವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮದ, ಅಂದರೆ ‘ಉಲ್ಲಾಸ್’ನ ಪರೀಕ್ಷೆ 150 ಅಂಕದ್ದು. ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಹದಿನೈದು ದಾಟಿದ ಯಾರಿಗಾದರೂ ಪ್ರವೇಶವಿದೆ. ಕಲಿಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಪರೀಕ್ಷೆಯೇ ಬೇಡ ಎನ್ನುವವಳು ನಾನಲ್ಲ. ಪ್ರಮಾಣಪತ್ರವನ್ನು ದೇವರ ಫೋಟೋದ ಪಕ್ಕ ನೇತುಹಾಕಿಕೊಂಡ ಮನೆಗಳನ್ನು ಕಂಡಿದ್ದೇನೆ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, ತೊಂಬತ್ತಾರನೆಯ ವಯಸ್ಸಿಗೆ, ಅಲ್ಲಿನ ಸಾಕ್ಷರತಾ ಪರೀಕ್ಷೆಯಲ್ಲಿ ನೂರಕ್ಕೆ 98 ತೆಗೆದಾಗ ದೇಶವೇ ಸಂಭ್ರಮಿಸಿತು. ಆ ಹಿಗ್ಗನ್ನು ಕಸಿಯಬಾರದು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ದಿನ ಮೂರ್ನಾಲ್ಕು ಉತ್ತರಪತ್ರಿಕೆಗಳ ಮೇಲೆ ನನ್ನ ಬೆರಳೂ ಆಡಿತು. “ಇಲ್ಲಿ ಒತ್ತು ಬಿಟ್ಟಿದ್ದೀಯವ್ವಾ” ಅಂದೆ. ಊರಿಗೆ ಇಷ್ಟು ಮಂದಿ ಪಾಸಾಗಬೇಕು ಎಂಬ ಗುರಿ ಮೇಲಿಂದ ಬಂದಿತ್ತು. ಕಲಿಸಿದವಳೂ ನಾನೇ, ಕೋಣೆ ಕಾಯುವವಳೂ ನಾನೇ. ಯಾರು ಫೇಲಾದರೂ ಹೆಸರು ಕೆಡುವುದು ನನ್ನದೇ. ಹೀಗಿರುವಾಗ ನನ್ನ ಕೈಯನ್ನೇ ನಾನು ನಂಬುವಂತಿರಲಿಲ್ಲ.

ಆರು ತಿಂಗಳಾದ ಮೇಲೆ ಮನಸ್ಸು ತಡೆಯದೆ, ಪಾಸಾಗಿದ್ದ ಹನ್ನೊಂದು ಮಂದಿಯ ಮನೆಗೆ ಹೋದೆ. ಪ್ರಶ್ನೆಪತ್ರಿಕೆ ಒಯ್ಯಲಿಲ್ಲ. ಅವರ ಮನೆಯ ಕರೆಂಟ್ ಬಿಲ್ ತರಿಸಿ, ಕಟ್ಟಲು ಕೊನೆಯ ದಿನ ಯಾವುದು ಎಂದು ಕೇಳಿದೆ. ಪಾಸ್‌ಬುಕ್ ತೆಗೆಸಿ, ಗೃಹಲಕ್ಷ್ಮಿಯ ಎರಡು ಸಾವಿರ ಯಾವ ತಾರೀಖಿಗೆ ಬಿದ್ದಿದೆ ತೋರಿಸು ಅಂದೆ. ಎರಡನ್ನೂ ಹೇಳಿದವರು ನಾಲ್ವರು. ಮಿಕ್ಕವರಿಗೆ ಸಹಿಯಷ್ಟೇ ಉಳಿದಿತ್ತು. ಅವರನ್ನಷ್ಟೇ ದೂರಿ ಪ್ರಯೋಜನವಿಲ್ಲ, ಪಾಸ್‌ಬುಕ್ಕಿನ ಸಾಲುಗಳು ಇಂಗ್ಲಿಷಿನಲ್ಲಿದ್ದವು. ಕನ್ನಡ ಕಲಿಸಿ, ಅವರ ದುಡ್ಡಿನ ಸುದ್ದಿಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಕೊಡುತ್ತೇವೆ.

ಆ ನಾಲ್ವರೂ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುವವರು. ವಾರವಾರ ಕೈಗೆ ಕೆಲಸವಿದ್ದ ಅಕ್ಷರ ಉಳಿದಿತ್ತು, ಕೆಲಸವಿಲ್ಲದ್ದು ಅಳಿಸಿಹೋಗಿತ್ತು. ಪರೀಕ್ಷೆಯ 150 ಅಂಕ ನನಗೆ ಇದನ್ನು ಹೇಳಿರಲಿಲ್ಲ. ಹನ್ನೊಂದು ಮನೆಗಳ ಕಟ್ಟೆ ಹೇಳಿತು.

2024ರ ಆಗಸ್ಟ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಸಾಕ್ಷರತೆಯ ವ್ಯಾಖ್ಯೆ ಹಿಗ್ಗಿಸಿ, ಹಣಕಾಸು ಮತ್ತು ಡಿಜಿಟಲ್ ತಿಳಿವಳಿಕೆಯನ್ನೂ ಸೇರಿಸಿತು. ಶೇ 95 ಮುಟ್ಟಿದರೆ ಪೂರ್ಣ ಸಾಕ್ಷರ ಎನ್ನಬಹುದು ಎಂದೂ ತಿಳಿಸಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36, ಹೆಂಗಸರದ್ದು ಶೇ 68. ಅಲ್ಲಿಂದ 95ಕ್ಕೆ ಓಡುವ ಅವಸರದಲ್ಲಿ, ಪರೀಕ್ಷಾ ಕೋಣೆಗಳಲ್ಲಿ ಎಷ್ಟು ಬೆರಳುಗಳು ಆಡಬಹುದು ಎಂಬುದೇ ನನ್ನ ಚಿಂತೆ.

ನಾನು ಕೇಳುವುದು ದೊಡ್ಡದೇನಲ್ಲ. ಲೆಕ್ಕದ 50ರಲ್ಲಿ 20 ಅಂಕ ಬಾಯಿಲೆಕ್ಕಕ್ಕಿರಲಿ. ಓದಿನ ಭಾಗದಲ್ಲಿ ಕರೆಂಟ್ ಬಿಲ್, ಮಾತ್ರೆಯ ಚೀಟಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಬರಲಿ. ನನ್ನೂರಿನ ಪರೀಕ್ಷೆಗೆ ಪಕ್ಕದೂರಿನವರು ಬರಲಿ, ಅವರೂರಿಗೆ ನಾನು ಹೋಗುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಪಾಸಾದ ಹತ್ತು ಮಂದಿಯಲ್ಲಿ ಒಬ್ಬರ ಮನೆಗಾದರೂ ಆರು ತಿಂಗಳ ಮೇಲೆ ಯಾರಾದರೂ ಹೋಗಿ ನೋಡಲಿ. ಅಲ್ಲಿ ಕಂಡ ಸಂಖ್ಯೆಯನ್ನು ಪಾಸಾದವರ ಸಂಖ್ಯೆಯ ಪಕ್ಕದಲ್ಲೇ ಪ್ರಕಟಿಸಲಿ. ಖರ್ಚೆಲ್ಲಿಂದ, ಜನವೆಲ್ಲಿಂದ ಎನ್ನುವವರಿಗೆ ಇಷ್ಟೇ ಹೇಳುತ್ತೇನೆ: ಹನ್ನೊಂದು ಮನೆಗೆ ನನಗೆ ಹಿಡಿದದ್ದು ಎರಡು ಮಧ್ಯಾಹ್ನ. ಮನೆಮನೆಯಲ್ಲೂ ಚಹಾ ಅವರದ್ದೇ. ಎರಡನೆಯ ಸಂಖ್ಯೆ ಚಿಕ್ಕದಾದರೆ ನಾಚಿಕೆಯಾಗಲಿ. ಆದರೆ ಆ ನಾಚಿಕೆ ಕಲಿತವಳ ಹೆಗಲಿಗೆ ಬೀಳದಿರಲಿ. ನನ್ನಂಥವರಿಗೂ, ನಮ್ಮ ಪಾಠಕ್ಕೂ ಆಗಲಿ.

ನನ್ನ ಪಾಠವಂತೂ ಬದಲಾಯಿತು. ಈಗ ಸಂಘದ ಪುಸ್ತಕ ವಾರಕ್ಕೊಬ್ಬರ ಕೈಗೆ ಹೋಗುತ್ತದೆ. ಲೆಕ್ಕದಲ್ಲಿ ಫೇಲಾದ ಅಜ್ಜಿ ಒಂದು ನೋಟುಬುಕ್ಕಿನಲ್ಲಿ ತನ್ನ ಉದ್ರಿ ತಾನೇ ಬರೆದುಕೊಳ್ಳುತ್ತಿದ್ದಾಳೆ. ಹೋದ ಸಂತೆಯ ದಿನ ತೋರಿಸಿದಳು. ಹೆಸರಿಗೊಂದು, ಕೊಟ್ಟದ್ದಕ್ಕೊಂದು, ಬಂದದ್ದಕ್ಕೊಂದು ಮನೆ ಗೆರೆ ಹೊಡೆದಿದ್ದಳು. ಕೊನೆಗೆ ನಾನು ಹೇಳಿಕೊಡದ ನಾಲ್ಕನೆಯದೊಂದಿತ್ತು. ಅದರ ತಲೆಯ ಮೇಲೆ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ‘ಬಿಟ್ಟದ್ದು’.