ಅಪ್ಪನ ರಿಪೋರ್ಟು, ಮಗಳ ಹಾಲು

ಟಿಕೋಟಾ ತಾಲ್ಲೂಕಿನ ಹೊನವಾಡದ ಒಂದು ಮನೆ. ಅಪ್ಪನ ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚೆಂದು ಬಂತು. ಮರುದಿನದಿಂದ ಮನೆಮಂದಿಗೆಲ್ಲ ಹಾಲು, ಮೊಸರು ಬಂದ್. ಎಸ್ಸೆಸ್ಸೆಲ್ಸಿ ಓದುವ ಮಗಳಿಗೂ ಕರಿ ಚಹಾ. ಎಮ್ಮೆ ಹಾಲೆಲ್ಲ ಡೇರಿಗೆ ಹೋಗತೊಡಗಿತು. "ಹಾಲಿನಾಗ ಕೊಲೆಸ್ಟ್ರಾಲ್ ಇರತೈತಂತಲ್ರೀ. ಹುಡುಗಿಗೂ ಈಗಿಂದನ ಬ್ಯಾಡ ಅಂತ ಬಿಡಿಸೀವ್ರಿ" ಎಂದರು ತಾಯಿ. ಕಾಳಜಿ ದೊಡ್ಡದು, ಲೆಕ್ಕ ಮಾತ್ರ ತಪ್ಪಿದೆ.

ಕೊಲೆಸ್ಟ್ರಾಲ್ ವಿಷವಲ್ಲ. ನಮ್ಮ ಪ್ರತಿಯೊಂದು ಜೀವಕೋಶದ ಪೊರೆಗೂ ಅದು ಬೇಕು. ಪಿತ್ತರಸ, ಡಿ ಜೀವಸತ್ವ, ಕೆಲವು ಹಾರ್ಮೋನುಗಳು ತಯಾರಾಗುವುದೂ ಅದರಿಂದಲೇ. ಅದರ ಬಹುಪಾಲನ್ನು ಶರೀರ ತಾನೇ ತಯಾರಿಸಿಕೊಳ್ಳುತ್ತದೆ. ಊಟದಿಂದ ಬರುವುದು ಕಡಿಮೆ. ತೊಂದರೆ ಇರುವುದು ರಕ್ತದಲ್ಲಿ ಎಲ್‌ಡಿಎಲ್ ಎಂಬ ರೂಪದಲ್ಲಿ ಅದು ಹೆಚ್ಚಾಗಿ, ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡಾಗ.

ಈ ಎಲ್‌ಡಿಎಲ್ಅನ್ನು ರಕ್ತದಿಂದ ಎಳೆದುಕೊಳ್ಳಲು ಯಕೃತ್ತಿನ ಕೋಶಗಳ ಮೇಲೆ ಬಾಗಿಲುಗಳಂಥ ವ್ಯವಸ್ಥೆ ಇದೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಹುಮಾನ ಬಂತು. ಊಟದಲ್ಲಿ ಪರ್ಯಾಪ್ತ ಕೊಬ್ಬು, ಅಂದರೆ ತುಪ್ಪದಂತೆ ತಂಪಿಗೆ ಗಟ್ಟಿಯಾಗುವ ಕೊಬ್ಬು, ಅತಿಯಾದರೆ ಈ ಬಾಗಿಲುಗಳು ಕಡಿಮೆಯಾಗುತ್ತವೆ. ಆದ್ದರಿಂದ ಹಾಲಿನ ವಿಷಯದಲ್ಲಿ ಕೊಲೆಸ್ಟ್ರಾಲಿಗಿಂತ ಕೊಬ್ಬಿನ ಮೇಲೆ ಕಣ್ಣಿಡುವುದು ಮುಖ್ಯ.

ಇದಕ್ಕೆ ಪ್ರಯೋಗಶಾಲೆ ಬೇಡ, ಮನೆಯ ಕಡಗೋಲೇ ಸಾಕು. ಮೊಸರು ಕಡೆದಾಗ ಕೊಬ್ಬು ಬೆಣ್ಣೆಯಾಗಿ ಮೇಲೆ ಬರುತ್ತದೆ. ಕೊಲೆಸ್ಟ್ರಾಲಿನ ಬಹುಪಾಲೂ ಅದರೊಂದಿಗೇ ಹೋಗುತ್ತದೆ. ಕೆಳಗುಳಿದ ಮಜ್ಜಿಗೆಯಲ್ಲಿ ಪ್ರೋಟೀನು, ಸುಣ್ಣದ ಅಂಶ ಉಳಿಯುತ್ತವೆ. 100 ಗ್ರಾಂ ಹಾಲಿನಲ್ಲಿರುವ ಕೊಲೆಸ್ಟ್ರಾಲ್ ಹತ್ತು ಹದಿನೈದು ಮಿಲಿಗ್ರಾಂನಷ್ಟೇ. ಅಷ್ಟೇ ತೂಕದ ಬೆಣ್ಣೆಯಲ್ಲಿ ಇನ್ನೂರು ಮಿಲಿಗ್ರಾಂ ದಾಟುತ್ತದೆ. ತುಪ್ಪದಲ್ಲಿ ಇನ್ನೂ ಹೆಚ್ಚು. ಹಿಂದೆ ಬೆಣ್ಣೆ ಸಂತೆಗೆ ಹೋಗಿ, ಮನೆಗೆ ಮಜ್ಜಿಗೆ ಉಳಿಯುತ್ತಿತ್ತು. ಬಡತನಕ್ಕೆ ಮಾಡಿದ್ದು ಹೃದಯಕ್ಕೂ ಒಳ್ಳೆಯದಾಗಿತ್ತು.

ಹಾಲುಗಳಲ್ಲೂ ವ್ಯತ್ಯಾಸವಿದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇ. 6ರಿಂದ 7, ಆಕಳ ಹಾಲಿನಲ್ಲಿ ಸುಮಾರು 4. ಪೊಟ್ಟಣದ ಟೋನ್ಡ್ ಹಾಲಿನಲ್ಲಿ 3, ಡಬಲ್ ಟೋನ್ಡ್‌ನಲ್ಲಿ 1.5. ಅಪ್ಪನಿಗೆ ಕೆನೆ ತೆಗೆದ ಹಾಲು, ಕಡೆದ ಮಜ್ಜಿಗೆ ಸಾಕು. ಬೆಣ್ಣೆ, ತುಪ್ಪ ಚಮಚದ ಲೆಕ್ಕದಲ್ಲಿರಲಿ. ವೈದ್ಯರು ಕೊಟ್ಟ ಗುಳಿಗೆಯನ್ನು ಮಾತ್ರ ತಾವಾಗಿ ಬಿಡಬಾರದು.

ಮಗಳ ಮಾತು ಬೇರೆ. ಎಲುಬು ಗಟ್ಟಿಯಾಗುವ ವಯಸ್ಸು ಇದು. ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಮಿ.ಲೀ. ಹಾಲಿನಿಂದ ಸುಮಾರು 120 ಮಿಲಿಗ್ರಾಂ ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಮಾದರಿ ಊಟದಲ್ಲಿ ದಿನಕ್ಕೆ 300 ಮಿ.ಲೀ. ಹಾಲು ಅಥವಾ ಮೊಸರು ಇದೆ. ನಮ್ಮ ರಾಜ್ಯ 2013ರಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭಿಸಿ ಶಾಲೆಯ ಮಕ್ಕಳಿಗೆ 150 ಮಿ.ಲೀ. ಹಾಲು ಕೊಡತೊಡಗಿದ್ದೂ ಪೋಷಣೆಗಾಗಿಯೇ.

ಹಾಗಾದರೆ ಬಿಡಬೇಕಾದದ್ದು ಏನು? ಹಾಲು ಬಿಡಿಸಿದ ಮನೆಯಲ್ಲೇ ಸಂಜೆ ಖಾರಿ, ಕ್ರೀಮ್ ಬಿಸ್ಕೀಟು, ಕರಿದ ಭಜಿ ನಡೆಯುತ್ತಿರುತ್ತವೆ. ಮೊದಲು ಕೈ ಹಿಡಿಯಬೇಕಾದದ್ದು ಅಲ್ಲಿ. ಎಣ್ಣೆ ಡಬ್ಬಿಯ ಮೇಲಿನ 'ಕೊಲೆಸ್ಟ್ರಾಲ್ ಇಲ್ಲ' ಎಂಬ ಅಕ್ಷರಕ್ಕೂ ಮರುಳಾಗಬೇಡಿ. ನಮ್ಮ ಶೇಂಗಾ ಎಣ್ಣೆ, ಕುಸುಬಿ ಎಣ್ಣೆಯಲ್ಲೂ ಅದು ಇರುವುದಿಲ್ಲ. ಆದರೆ ಎಣ್ಣೆಯೆಲ್ಲ ಕೊಬ್ಬೇ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು, ದಿನವೂ ಒಂದಿಷ್ಟು ಓಟ ಆಟ, ಇವು ಇಡೀ ಮನೆಗೆ ಒಳ್ಳೆಯವು.

ಪಾಲಕರಿಗೆ ಒಂದು ಎಚ್ಚರಿಕೆ. ಕೆಲವು ಮನೆತನಗಳಲ್ಲಿ ಎಲ್‌ಡಿಎಲ್ ಹುಟ್ಟಿನಿಂದಲೇ ಹೆಚ್ಚಿರುತ್ತದೆ. ಅಂಥ ಮನೆಗಳಲ್ಲಿ, ಇಲ್ಲವೆ ತಂದೆಗೋ ತಾಯಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ, ಮಕ್ಕಳ ರಕ್ತವನ್ನೂ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿರಿ. ಊಹೆಯಿಂದ ಹಾಲು ಬಿಡಿಸುವುದಕ್ಕಿಂತ ಒಂದು ಪರೀಕ್ಷೆ ಮೇಲು.

ಹೊನವಾಡದ ತಾಯಿಗೆ ಹೇಳಿದ್ದೂ ಇಷ್ಟೇ: "ಎಲ್ಲಾ ಹಾಲು ಡೇರಿಗೆ ಹಾಕಬ್ಯಾಡ್ರೀ ತಾಯಿ. ಹುಡುಗಿಗೆ ಎರಡು ಲೋಟ ಇಟಗೋರಿ. ಅಕಿ ಅಪ್ಪಗ ಮಜ್ಜಿಗಿ ಕಡದು ಕೊಡ್ರಿ."