ರಾತ್ರಿ ಎರಡಕ್ಕೆ ಯಾರಿದ್ದಾರೆ?

ನಾವು ಮನೆಯಲ್ಲಿ ಅಬ್ಬಾನ ತಾಯಿಯನ್ನು ದಾದಿ ಎನ್ನುತ್ತೇವೆ. (ಕನ್ನಡದಲ್ಲಿ ದಾದಿ ಎಂದರೆ ನರ್ಸ್ ಎಂದು ನಾನು ಹೇಳಿದಾಗ ಅವರು ತುಂಬಾ ನಕ್ಕಿದ್ದರು.) ಕಳೆದ ವರ್ಷ ಅವರ ಕ್ಯಾನ್ಸರ್ ಗುಣವಾಗುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಅಬ್ಬಾ ಜೊತೆ ನಾನೂ ಒಂದು ಆರೈಕೆ ಕೇಂದ್ರ ನೋಡಲು ಹೋದೆ. ಹೊಳೆಯುವ ಟೈಲ್ಸ್, ಎಸಿ, ಟಿವಿ. ದಿನಕ್ಕೆ ಎಷ್ಟು ಎಂದು ಕೇಳಿದೆವು. ರಾತ್ರಿ ನೋವು ಹೆಚ್ಚಾದರೆ ಯಾರು ಬರುತ್ತಾರೆ, ಮಾರ್ಫಿನ್ ಇದೆಯೇ ಎಂದು ಕೇಳಲೇ ಇಲ್ಲ. ಇಲ್ಲವೆಂದು ಗೊತ್ತಾದದ್ದು ಮೂರನೇ ರಾತ್ರಿ. ದಾದಿ ಬೆಳಗ್ಗಿನವರೆಗೆ ನರಳಿದರು.

ಮಾರ್ಫಿನ್ ಮಾತ್ರೆ ದುಬಾರಿಯಲ್ಲ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಹಲವು ಪರವಾನಗಿಗಳ ಬದಲು ಒಂದೇ ಅನುಮತಿ ಸಾಕು. ಆದರೂ ಇಟ್ಟುಕೊಳ್ಳದಿದ್ದರೆ ಏಕೆಂದು ನಾವು ಕೇಳಬೇಕು. ದೊಡ್ಡ ಬಿಲ್ ಎಂದರೆ ಒಳ್ಳೆಯ ಸೇವೆ ಎಂಬ ನಮ್ಮ ಕಾಮರ್ಸ್ ಲೆಕ್ಕವೂ ಇಲ್ಲಿ ಸರಿಹೋಗುವುದಿಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿಯೇ ನೋಡಿಕೊಳ್ಳುತ್ತಿದೆ.

ಬಂಟ್ವಾಳ, ಮೂಡುಬಿದಿರೆಯ ನಮಗೆ ಬೆಂಗಳೂರು ದೂರ, ನಿಜ. ಹತ್ತಿರದ ಯಾವ ಕೇಂದ್ರಕ್ಕೇ ಹೋಗಿ, ಮ್ಯಾನೇಜರ್ ಜೊತೆ ಮಾತಾಡುವ ಮೊದಲು ಹೊರಗಿನ ಚಹಾ ಅಂಗಡಿಯಲ್ಲಿ ಐದು ನಿಮಿಷ ಕೂತುಕೊಳ್ಳಿ. ರೋಗಿಗಳ ಮನೆಯವರು ಅಲ್ಲಿರುತ್ತಾರೆ. ನಿನ್ನೆ ರಾತ್ರಿ ಹೇಗಿತ್ತು ಎಂದು ಅವರನ್ನು ಕೇಳಿ.