ಫ್ರಿಜ್‌ನಲ್ಲಿಟ್ಟ ಅನ್ನ ವಿಷವೇ? ಮೂರು ಹೊತ್ತೂ ಹೊಸದಾಗಿ ಅಡುಗೆ ಮಾಡಲೇಬೇಕೇ?

ಬೆಳಗಿನ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಆಗಾಗ ಒಂದು ಎಚ್ಚರಿಕೆಯ ಸಂದೇಶವೂ ಬರುತ್ತದೆ. ಮಾಡಿದ ಅನ್ನ ಫ್ರಿಜ್‌ನಲ್ಲಿಟ್ಟರೆ ವಿಷವಾಗುತ್ತದೆ. ಸಾರು ಮತ್ತೆ ಬಿಸಿ ಮಾಡಿದರೆ ಕ್ಯಾನ್ಸರ್ ಬರುತ್ತದೆ. ಕಲಸಿಟ್ಟ ಚಪಾತಿ ಹಿಟ್ಟು ಮನೆಗೆ ಅಶುಭ. ಕುಕ್ಕರಿನಲ್ಲಿ ಬೆಂದ ಬೇಳೆಯಲ್ಲಿ ಸತ್ವವೇ ಇರುವುದಿಲ್ಲ. ಕೊನೆಗೆ, ಮನೆಯವರ ಮೇಲೆ ಪ್ರೀತಿಯಿದ್ದರೆ ಮೂರು ಹೊತ್ತೂ ಹೊಸದಾಗಿ ಅಡುಗೆ ಮಾಡಿ ಬಡಿಸಿ ಎಂಬ ಸಲಹೆ.

ಇಂಥ ಸಂದೇಶ ಕಳಿಸುವವರು ಹೆಚ್ಚಾಗಿ ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಅದನ್ನು ಓದಿ ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಡಬ್ಬಿ ಮುಗಿಸಿ, ಸಂಜೆ ಕೆಲಸದಿಂದ ಬಂದು ಮತ್ತೆ ಬೇಳೆ ಇಡುವವರು ಬೇರೆ ಯಾರೋ. ಹಾಗಾಗಿ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಅನ್ನದ ಮಾತಿನಲ್ಲಿ ಅರ್ಧ ನಿಜ ಇದೆ

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಇವು ಮಣ್ಣಿನಿಂದ ಬರುವಂಥವು. ಸಾಮಾನ್ಯವಾಗಿ ಅನ್ನ ಕುದಿಯುವ ಬಿಸಿಯಲ್ಲಿ ಇವು ಪೂರ್ತಿ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಇರುವಾಗ ಅವು ಮೊಳೆತು ಬೆಳೆಯುತ್ತವೆ, ಕೆಲವು ಬಗೆಯವು ವಾಂತಿ ತರಿಸುವ ವಿಷವನ್ನೂ ತಯಾರಿಸುತ್ತವೆ. ಈ ವಿಷಕ್ಕೆ ಬಿಸಿ ತಾಗುವುದಿಲ್ಲ. ಬೆಳಿಗ್ಗೆ ಎಷ್ಟೇ ಚೆನ್ನಾಗಿ ಒಗ್ಗರಣೆ ಹಾಕಿ ಹುರಿದರೂ ಅದು ಹಾಗೇ ಉಳಿಯುತ್ತದೆ. ಕುಕ್ಕರಿನಲ್ಲಿ ಮಾಡಿದ ಅನ್ನಕ್ಕೂ ಎಚ್ಚರಿಕೆ ಬೇಕು, ಮುಚ್ಚಳ ತೆಗೆದ ಮೇಲೆ ಸೌಟು, ಕೈ, ಪಾತ್ರೆಗಳಿಂದ ಸೂಕ್ಷ್ಮಜೀವಿಗಳು ಮತ್ತೆ ಸೇರಬಹುದು.

ಹಾಗಾದರೆ ತಪ್ಪು ಎಲ್ಲಿದೆ? ಫ್ರಿಜ್‌ನಲ್ಲಿ ಅಲ್ಲ, ಅಡುಗೆಮನೆಯ ಕಟ್ಟೆಯ ಮೇಲೆ. ರಾತ್ರಿ ಎಂಟಕ್ಕೆ ಮಾಡಿದ ಅನ್ನ ಬೆಳಗಿನವರೆಗೆ ಒಲೆಯ ಮೇಲೇ ಕೂತಿದ್ದರೆ ಅಪಾಯ ಹೆಚ್ಚುತ್ತದೆ. ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿದ ಅನ್ನದಲ್ಲಿ ಈ ಬೆಳವಣಿಗೆ ತೀರಾ ನಿಧಾನವಾಗುತ್ತದೆ. ಫಾರ್ವರ್ಡ್ ಸಂದೇಶ ಹೇಳುವುದು ಇದಕ್ಕೆ ತದ್ವಿರುದ್ಧ. ಅದನ್ನು ನಂಬಿ ಅನ್ನವನ್ನು ಹೊರಗೇ ಬಿಟ್ಟರೆ ಇಲ್ಲದ ಅಪಾಯವನ್ನು ನಾವೇ ತಂದುಕೊಂಡಂತೆ.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸರಳ ಸೂತ್ರಗಳನ್ನು ಕೊಟ್ಟಿತು. ಅದರ ಪ್ರಕಾರ ಬೆಂದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು. ತಣ್ಣಗಿಡುವುದಾದರೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲೆ. ಇವೆರಡರ ನಡುವಿನದೇ ಬ್ಯಾಕ್ಟೀರಿಯಾಗಳಿಗೆ ಹಿತವಾದ ವಲಯ. ನಮ್ಮ ಬೇಸಿಗೆಯ ಅಡುಗೆಮನೆಯಂತೂ ಅದರ ಮಧ್ಯದಲ್ಲೇ ಇರುತ್ತದೆ.

ಉಳಿದ ಅಡುಗೆಯನ್ನು ಫ್ರಿಜ್‌ನಲ್ಲಿ 3 ದಿನಕ್ಕಿಂತ ಹೆಚ್ಚು ಇಡಬೇಡಿ, ಒಂದಕ್ಕಿಂತ ಹೆಚ್ಚು ಸಲ ಬಿಸಿ ಮಾಡಬೇಡಿ ಎಂದೂ ಆ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಅನ್ನದ ವಿಷಯದಲ್ಲಿ ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ ಇನ್ನೂ ಬಿಗಿ: 24 ಗಂಟೆಯೊಳಗೆ ಮುಗಿಸಿ ಎನ್ನುತ್ತದೆ. ಅಂದರೆ ರಾತ್ರಿ ಎತ್ತಿಟ್ಟ ಅನ್ನದಲ್ಲಿ ಬೆಳಿಗ್ಗೆ ಚಿತ್ರಾನ್ನ ಮಾಡಬಹುದು. ಸೋಮವಾರದ ಅನ್ನ ಗುರುವಾರಕ್ಕೆ ಬೇಡ.

ಮತ್ತೆ ಬಿಸಿ ಮಾಡಿದರೆ ಕ್ಯಾನ್ಸರ್ ಬರುತ್ತದೆಯೇ?

ಮನೆಯಲ್ಲಿ ಅನ್ನ, ಸಾರು, ಪಲ್ಯ ಬಿಸಿ ಮಾಡಿ ತಿನ್ನುವುದರಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸುವುದು ಬೇರೆ ವಿಷಯ, ಅದು ಒಳ್ಳೆಯದಲ್ಲ. ಎರಡನ್ನೂ ಒಂದೇ ಸಂದೇಶದಲ್ಲಿ ಸೇರಿಸಿದಾಗ ಗೊಂದಲವಾಗುತ್ತದೆ. ಬಿಸಿ ಮಾಡುವಾಗ ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದುಕೊಂಡು, ಸಾರಾದರೆ ಕುದಿ ಬರುವವರೆಗೆ, ಅನ್ನವಾದರೆ ನಡುವೆಯೂ ಹಬೆಯಾಡುವವರೆಗೆ ಬಿಸಿ ಮಾಡಿ.

ಚಪಾತಿ ಹಿಟ್ಟು ಕಪ್ಪಾಗುವುದೇಕೆ?

ಕಲಸಿದ ಗೋಧಿ ಹಿಟ್ಟು ಮರುದಿನ ಬೂದು ಬಣ್ಣಕ್ಕೆ ತಿರುಗುತ್ತದೆ. ಇದನ್ನೇ ತೋರಿಸಿ ಹಿಟ್ಟು ಕೆಟ್ಟಿತು ಎನ್ನುತ್ತಾರೆ. ಕತ್ತರಿಸಿದ ಬದನೆಕಾಯಿ, ಸೇಬು ಕಪ್ಪಾಗುವುದಕ್ಕೆ ಯಾವ ಕಾರಣವೋ ಇಲ್ಲಿಯೂ ಅದೇ. ಗೋಧಿಯಲ್ಲಿರುವ ಕಿಣ್ವಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಬಣ್ಣ ಬದಲಿಸುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟ ಹಿಟ್ಟನ್ನು ಮರುದಿನ ಬಳಸಬಹುದು. ಹುಳಿ ವಾಸನೆ, ಅಂಟು, ಬೂಸ್ಟು ಕಂಡರೆ ಮಾತ್ರ ಬಿಸಾಡಿ. ಕಲಸಿಟ್ಟ ಹಿಟ್ಟನ್ನು ಪಿಂಡಕ್ಕೆ ಹೋಲಿಸಿ ಹೆದರಿಸುವ ಸಂದೇಶಗಳೂ ಓಡಾಡುತ್ತವೆ. ಹಿಟ್ಟಿನ ಆಕಾರಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ.

ದೋಸೆ ಹಿಟ್ಟಿನ ಕತೆ ಇನ್ನೂ ಸರಳ. ಅಕ್ಕಿ, ಉದ್ದು ರುಬ್ಬಿಟ್ಟಾಗ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಬೆಳೆದು ಹಿಟ್ಟನ್ನು ಉಬ್ಬಿಸುತ್ತವೆ, ಹುಳಿ ಮಾಡುತ್ತವೆ. ಆ ಹುಳಿಯೇ ಕೆಡಿಸುವ ಅನೇಕ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಉಬ್ಬಿದ ಕೂಡಲೇ ಫ್ರಿಜ್‌ಗೆ ಸೇರಿಸಿದರೆ ಮೂರು ದಿನದ ತಿಂಡಿಯ ಚಿಂತೆ ಮುಗಿಯಿತು. ಮೊದಲ ದಿನ ಇಡ್ಲಿ, ಆಮೇಲೆ ದೋಸೆ, ಕೊನೆಗೆ ಈರುಳ್ಳಿ ಹಾಕಿ ಪಡ್ಡು. ಇದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಲೆಕ್ಕವೇ.

ಕುಕ್ಕರ್ ಸತ್ವ ತಿನ್ನುತ್ತದೆಯೇ?

ಕುಕ್ಕರಿನ ಒಳಗೆ ಒತ್ತಡ ಹೆಚ್ಚುವುದರಿಂದ ನೀರು 100ರ ಬದಲು ಸುಮಾರು 120 ಡಿಗ್ರಿಯವರೆಗೆ ಬಿಸಿಯಾಗುತ್ತದೆ. ಬೇಳೆ ಬೇಗ ಬೇಯುತ್ತದೆ. ವಿಟಮಿನ್ ಸಿ ತರಹದ ಕೆಲವು ಅಂಶ ಯಾವ ರೀತಿ ಬೇಯಿಸಿದರೂ ಸ್ವಲ್ಪ ಹೋಗುತ್ತದೆ. ಬೇಯುವ ಸಮಯ ಮತ್ತು ಚೆಲ್ಲುವ ನೀರು ಹೆಚ್ಚಿದಷ್ಟೂ ನಷ್ಟ ಹೆಚ್ಚು. ಕುಕ್ಕರಿನಲ್ಲಿ ಸಮಯ ಕಡಿಮೆ, ನೀರು ಚೆಲ್ಲುವುದೂ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಬೇಳೆಕಾಳುಗಳಿಗೆ ಕುದಿಸುವುದು ಮತ್ತು ಕುಕ್ಕರಿನಲ್ಲಿ ಬೇಯಿಸುವುದನ್ನೇ ಒಳ್ಳೆಯ ವಿಧಾನ ಎನ್ನುತ್ತದೆ.

ಈ ಸಂದೇಶಗಳ ಬೆಲೆ ಕೊಡುವವರು ಯಾರು?

ಸಂದೇಶ ಸುಳ್ಳಾದರೆ ಏನಂತೆ, ತಾಜಾ ಊಟ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ತಾಜಾ ಊಟ ಒಳ್ಳೆಯದೇ. ಆದರೆ ಅದಕ್ಕೆ ಯಾರದೋ ಸಮಯ ಖರ್ಚಾಗುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. ಐದು ವರ್ಷದಲ್ಲಿ ಹೆಂಗಸರ ಪಾಲಿನಲ್ಲಿ ಇಳಿದದ್ದು ಹತ್ತೇ ನಿಮಿಷ, ಗಂಡಸರ ಪಾಲೂ ಹೆಚ್ಚಲಿಲ್ಲ.

ಇದರಲ್ಲಿ ಅಡುಗೆಯ ಜೊತೆ ಗುಡಿಸುವುದು, ಪಾತ್ರೆ, ಬಟ್ಟೆ ಎಲ್ಲ ಸೇರಿದೆ. ಹೆಚ್ಚುಕಡಿಮೆ ಐದು ಗಂಟೆ ದುಡಿಯುವವರ ಕೈಗೆ ನೀವು ಮಾಡುತ್ತಿರುವುದು ಸಾಲದು, ಉಳಿದದ್ದು ಬಡಿಸಿದರೆ ಮಕ್ಕಳಿಗೆ ವಿಷ ಕೊಟ್ಟಂತೆ ಎನ್ನುವ ಸಂದೇಶ ತಲುಪುತ್ತದೆ. ಅದು ಹುಟ್ಟಿಸುವುದು ತಪ್ಪಿತಸ್ಥ ಭಾವನೆಯನ್ನು. ಅಡುಗೆಮನೆಗೆ ಬೇಕಾದ ಸುರಕ್ಷತೆಯ ನಿಯಮ ಅದರಲ್ಲಿ ಇರುವುದಿಲ್ಲ.

ಮನೆಯ ದಿನ ಹಗುರವಾಗಲು

ದುಬಾರಿ ಡಬ್ಬಿ, ಹೊಸ ಯಂತ್ರ ಏನೂ ಬೇಕಿಲ್ಲ. ನಾವು ಸೂಚಿಸುವುದು ಇಷ್ಟು:

ಒಂದೇ ಸಲ ಎರಡು ದಿನದ ಬೇಳೆ ಬೇಯಿಸಿ. ಒಗ್ಗರಣೆ ಹಾಕುವ ಮೊದಲೇ ಅರ್ಧ ತೆಗೆದು, ಆರಿಸಿ ಫ್ರಿಜ್‌ನಲ್ಲಿಡಿ. ಇಂದು ಸಾರು, ನಾಳೆ ತೊವ್ವೆ.

ರಾತ್ರಿಗೆ ಒಂದೇ ಪಾತ್ರೆಯ ಊಟ ಸಾಕು. ತರಕಾರಿ ಹಾಕಿದ ಬಿಸಿಬೇಳೆಬಾತ್, ಹೆಸರುಬೇಳೆ ಪೊಂಗಲ್, ರವೆ ಉಪ್ಪಿಟ್ಟು, ಪಕ್ಕದಲ್ಲಿ ಮೊಸರು. ಪ್ರೀತಿಯನ್ನು ಬಟ್ಟಲುಗಳ ಲೆಕ್ಕದಲ್ಲಿ ಅಳೆಯುವುದು ಬೇಡ.

ವಾರದ ತಿಂಡಿಯ ಪಟ್ಟಿಯನ್ನು ಭಾನುವಾರ ಎಲ್ಲರೂ ಕೂತು ಬರೆದು ಗೋಡೆಗೆ ಅಂಟಿಸಿ. ನಾಳೆ ಏನು ಮಾಡಲಿ ಎಂಬ ಯೋಚನೆ ಒಬ್ಬರ ತಲೆಯಿಂದ ಇಳಿಯುತ್ತದೆ.

ಊಟವಾದ ಕೂಡಲೇ ಉಳಿದದ್ದನ್ನು ಎತ್ತಿಡುವ ಕೆಲಸ ಅಡುಗೆ ಮಾಡದವರದ್ದಾಗಲಿ. ಅನ್ನವನ್ನು ಅಗಲ ತಟ್ಟೆಗೆ ಹರಡಿದರೆ ಬೇಗ ಆರುತ್ತದೆ. ಸಾರಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಡಿ. ಆಮೇಲೆ ಮುಚ್ಚಿ ಫ್ರಿಜ್‌ಗೆ. ಹತ್ತು ವರ್ಷದ ಮಕ್ಕಳೂ ಇದನ್ನು ಕಲಿಯಬಹುದು.

ಫ್ರಿಜ್ ಇಲ್ಲದ ಮನೆಗಳಲ್ಲಿ ಒಂದು ಹೊತ್ತಿಗೆ ಬೇಕಾದಷ್ಟೇ ಅನ್ನ ಮಾಡುವುದು ಸುರಕ್ಷಿತ. ಅಂಥ ಕಡೆ ಕೆಲಸ ಹಗುರವಾಗಬೇಕಾದರೆ ಐಟಂ ಕಡಿಮೆಯಾಗಬೇಕು, ಕೈಗಳು ಹೆಚ್ಚಬೇಕು. ತಂಗಳನ್ನ ರೂಢಿಯಿರುವ ಮನೆಗಳಲ್ಲೂ ಹುಳಿ ಬಂದದ್ದೇ ಸುರಕ್ಷತೆಯ ಖಾತರಿ ಎಂದುಕೊಳ್ಳಬೇಡಿ. ಎಳೆಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಕಾಯಿಲೆಯಿಂದ ಬಳಲುತ್ತಿರುವವರಿಗೆ ಹೊರಗೆ ಇದ್ದ ಅನ್ನ ಕೊಡಬೇಡಿ. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ.

ನಮ್ಮ ತೀರ್ಮಾನ

ಸರಿಯಾಗಿ ಆರಿಸಿ ಫ್ರಿಜ್‌ನಲ್ಲಿಟ್ಟ ಆಹಾರ ವಿಷ ಎಂಬುದು ಸುಳ್ಳು. ರಾತ್ರಿಯಿಡೀ ಹೊರಗಿದ್ದ ಅನ್ನ ಅಪಾಯಕಾರಿ ಎಂಬುದು ನಿಜ. ಮೂರು ಹೊತ್ತೂ ಹೊಸ ಅಡುಗೆ ಮಾಡುವುದು ಇಷ್ಟವಿದ್ದವರ ಆಯ್ಕೆ, ಆರೋಗ್ಯದ ಕಡ್ಡಾಯ ನಿಯಮವಲ್ಲ.

ಮುಂದಿನ ಸಲ ಆ ಸಂದೇಶ ಬಂದರೆ ಬದಲಿಗೆ ಇದನ್ನು ಕಳಿಸಿ: "2 ಗಂಟೆಯೊಳಗೆ ಆರಿಸಿ ಫ್ರಿಜ್‌ನಲ್ಲಿಡಿ. ಅನ್ನವನ್ನು 1 ದಿನದಲ್ಲಿ, ಸಾರು ಪಲ್ಯವನ್ನು 3 ದಿನದೊಳಗೆ ಮುಗಿಸಿ. ಒಂದೇ ಸಲ, ಚೆನ್ನಾಗಿ ಬಿಸಿ ಮಾಡಿ. ಅನುಮಾನ ಬಂದರೆ ಬಿಸಾಡಿ." ಕಳಿಸಿದ ಮೇಲೆ ಫೋನ್ ಕೆಳಗಿಟ್ಟು, ನಿಮ್ಮ ಮನೆಯಲ್ಲಿ ಇವತ್ತಿನ ಅನ್ನ ಎತ್ತಿಡುವವರು ಯಾರು ಎಂದು ಒಮ್ಮೆ ನೋಡಿ. ಬೇರೆಯವರಾಗಿದ್ದರೆ ಇವತ್ತು ನೀವೇ ಎತ್ತಿಡಿ.